ಗುರಿ ತಪ್ಪಿದ್ದು ಎಲ್ಲಿ?

ಮಂಗಳೂರಿನ ಕಾಲೇಜೊಂದರಲ್ಲಿ ದೀರ್ಘಕಾಲ ಗಣಿತ ಬೋಧಿಸಿ ನಿವೃತ್ತರಾದ ಅಧ್ಯಾಪಕರೊಬ್ಬರ ಮೇಜಿನ ಸೆಳೆಖಾನೆಯಲ್ಲಿ ಹಳದಿಗಟ್ಟಿದ ಒಂದು ಗುರಿಕಾಗದವಿದೆ. ಅದರ ನಡುವಿನ ಕಪ್ಪು ವೃತ್ತ ಅಕ್ಷತವಾಗಿದೆ. ಅದರಿಂದ ಎಡಕ್ಕೆ ಸರಿದು, ಬಿಳಿಯ ಭಾಗದಲ್ಲಿ ಐದು ರಂಧ್ರಗಳಿವೆ. ಒಂದು ರೂಪಾಯಿಯ ನಾಣ್ಯವನ್ನಿಟ್ಟರೆ ಐದೂ ಮರೆಯಾಗುತ್ತವೆ. ಕಾಗದದ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಬರೆದಿದೆ. ಆ ಸೊನ್ನೆಯನ್ನು ಬರೆದವರು ಅವರೇ.

ಜೈನ ಮನೆತನದಲ್ಲಿ ಹುಟ್ಟಿದ ಅವರು ಎನ್.ಸಿ.ಸಿ. ಅಧಿಕಾರಿಯ ಹೊಣೆ ವಹಿಸಿಕೊಂಡಾಗ ಅವರ ತಾಯಿ ಎರಡು ದಿನ ಮಾತನಾಡಿರಲಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ಮನೆಯ ಮಗ ಕೋವಿ ಹಿಡಿಯುವುದೆಂದರೆ ಹೇಗೆ? 1948ರ ಕಾಯ್ದೆಯಿಂದ ಸ್ಥಾಪಿತವಾದ ಈ ಸಂಸ್ಥೆ ವಿದ್ಯಾರ್ಥಿಗಳಲ್ಲಿ ಶಿಸ್ತನ್ನು ಬೆಳೆಸುವುದಕ್ಕಾಗಿಯೇ ಇದೆಯೆಂದೂ, ಗುಂಡು ತಗಲುವುದು ಕಾಗದಕ್ಕೆ ಮಾತ್ರವೆಂದೂ ಅವರು ತಾಯಿಯನ್ನು ಒಪ್ಪಿಸಿದರು. ಕೊಟ್ಟ ಮಾತನ್ನು ಉಳಿಸಿಕೊಂಡರು ಕೂಡ. ಗುಂಡು ಹಾರಿಸುವ ಮುನ್ನ ಮುರಕಲ್ಲಿನ ದರೆಯವರೆಗೆ ತಾವೇ ನಡೆದು, ಹುಲ್ಲಿನಲ್ಲಿ ನಾಯಿಮರಿಯೋ ಹಕ್ಕಿಯೋ ಇಲ್ಲವೆಂದು ನೋಡಿ ಬಂದ ಬಳಿಕವೇ ಅಪ್ಪಣೆ ಕೊಡುತ್ತಿದ್ದರು. ತಮ್ಮಿಂದ ಯಾವ ಜೀವಿಗೂ ನೋವಾಗಿಲ್ಲವೆಂಬ ಸಮಾಧಾನ ಅವರಿಗಿತ್ತು.

ಕೆಡೆಟ್ಟುಗಳು ಹಿಡಿಯುತ್ತಿದ್ದುದು ಪಾಯಿಂಟ್ ಟೂ ಟೂ ರೈಫಲ್. ಅದರ ಮೇಲೆ ದುರ್ಬೀನಿಲ್ಲ. ಕಬ್ಬಿಣದ ಎರಡು ಸೈಟುಗಳು ಮಾತ್ರ. ಹಿಂದಿನದು ಕಣ್ಣಿನ ಬಳಿ, ಮುಂದಿನದು ನಳಿಗೆಯ ತುದಿಯಲ್ಲಿ. ಇವೆರಡೂ ಗುರಿಯೊಡನೆ ಒಂದೇ ರೇಖೆಯಲ್ಲಿ ಬಂದಾಗ ಉಸಿರನ್ನು ತಡೆದು ಕುದುರೆಯನ್ನು ಮೆಲ್ಲಗೆ ಒತ್ತಬೇಕು. ಸೈಟು ಕದಲಿದರೆ ಎಷ್ಟೊಂದು ವ್ಯತ್ಯಾಸವಾಗುತ್ತದೆ ಎಂಬುದನ್ನು ಗಣಿತದ ಅಧ್ಯಾಪಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಸಮರೂಪ ತ್ರಿಭುಜಗಳ ಲೆಕ್ಕ. ಎರಡು ಸೈಟುಗಳ ನಡುವೆ ಅರ್ಧ ಮೀಟರ್ ಅಂತರವಿದ್ದು, ಗುರಿ 25 ಮೀಟರ್ ದೂರದಲ್ಲಿದ್ದರೆ, ತಪ್ಪು ಐವತ್ತು ಪಾಲಾಗಿ ಬೆಳೆಯುತ್ತದೆ. ಮುಂದಿನ ಸೈಟು ಬಲಕ್ಕೆ ಒಂದು ಮಿಲಿಮೀಟರ್ ಸರಿದರೆ ಗುಂಡು ಎಡಕ್ಕೆ ಐದು ಸೆಂಟಿಮೀಟರ್ ಸರಿಯುತ್ತದೆ. ತಿದ್ದುವ ಕ್ರಮವೂ ಸರಳವೇ. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೆ ಸರಿಸಬೇಕು. ಮುಂದಿನದನ್ನಾದರೆ ಅದರ ವಿರುದ್ಧ ದಿಕ್ಕಿಗೆ.

ಆದರೆ ತಿದ್ದುವುದಕ್ಕೆ ಮೊದಲು ಪಾಲಿಸಬೇಕಾದ ಒಂದು ನಿಯಮವಿದೆ. ಒಂದೇ ಗುಂಡನ್ನು ನೋಡಿ ಸೈಟನ್ನು ಮುಟ್ಟಬಾರದು. ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡುಗಳನ್ನು ಹಾರಿಸಿ, ಅವು ಬಿದ್ದ ಬಗೆಯನ್ನು ನೋಡಬೇಕು. ಐದೂ ಕಾಗದದ ತುಂಬ ಚೆದುರಿದ್ದರೆ ದೋಷ ಹೆಚ್ಚಾಗಿ ಹಾರಿಸಿದವನದು: ಅವನ ಉಸಿರು, ಭುಜ, ಬೆರಳು ಇನ್ನೂ ಪಳಗಿಲ್ಲ, ಅಂಥವನಿಗೆ ಸೈಟು ತಿದ್ದಿ ಪ್ರಯೋಜನವಿಲ್ಲ. ಐದೂ ಒಂದೇ ಕಡೆ ಗುಂಪಾಗಿ ಬಿದ್ದು, ಆ ಗುಂಪು ಮಾತ್ರ ಗುರಿಯಿಂದ ಸರಿದಿದ್ದರೆ, ಹಾರಿಸಿದವನ ಕೈ ಸ್ಥಿರವಾಗಿದೆ. ಮೊದಲು ಅನುಮಾನಿಸಬೇಕಾದುದು ಸೈಟನ್ನು. ಅಂಕಗಳನ್ನು ಕೂಡಿದರೆ ಇಬ್ಬರಿಗೂ ಸೊನ್ನೆಯೇ ಬರಬಹುದು. ಆದರೆ ಆ ಎರಡು ಸೊನ್ನೆಗಳು ಒಂದೇ ಅಲ್ಲ.

ಈ ನಿಯಮವನ್ನು ಅವರು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದರು. ಹಾಗಿದ್ದೂ ಒಂದು ಆಗಸ್ಟ್ ತಿಂಗಳಲ್ಲಿ ಅದನ್ನು ಅವರೇ ಮರೆತರು. ಸ್ಪರ್ಧೆಯ ತಂಡಕ್ಕೆ ಅಂದು ಆಯ್ಕೆ ನಡೆಯಬೇಕಾಗಿತ್ತು. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಸಂಜೆಯೊಳಗೆ ಪಟ್ಟಿ ಕಳುಹಿಸಬೇಕಾಗಿತ್ತು. ಅಂತಿಮ ವರ್ಷದ ಹುಡುಗನೊಬ್ಬ, ಎರಡು ವರ್ಷ ಒಂದು ದಿನವೂ ತಪ್ಪದೆ ಬಂದವನು, ಕೊನೆಯ ಸಾಲಿನ ರೈಫಲಿನಿಂದ ಹಾರಿಸಿದ. ಒಂದು ಗುಂಡೂ ಕಪ್ಪು ವೃತ್ತಕ್ಕೆ ಬೀಳಲಿಲ್ಲ. “ಸರ್, ರೈಫಲ್ ಎಡಕ್ಕೆ ಎಳೆಯುತ್ತಿದೆ” ಎಂದು ಅವನು ಸಂಕೋಚದಿಂದ ಹೇಳಿದ. “ಕುಣಿಯಲಾರದವನಿಗೆ ನೆಲ ಡೊಂಕು” ಎಂದರು ಅಧ್ಯಾಪಕರು. ಸುತ್ತ ನಿಂತವರು ನಕ್ಕರು. ಹುಡುಗ ಮರುಮಾತಾಡದೆ ರೈಫಲನ್ನು ಒಪ್ಪಿಸಿ ಹೊರಟುಹೋದ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಮುಂದಿನ ವಾರ ಅದೇ ರೈಫಲಿನಿಂದ ಅಧ್ಯಾಪಕರು ತಾವೇ ಐದು ಗುಂಡು ಹಾರಿಸಿದರು. ಐದೂ ಎಡಕ್ಕೆ, ಒಂದರ ಪಕ್ಕದಲ್ಲಿ ಒಂದು. ಪರೀಕ್ಷಿಸಿದಾಗ ಮುಂದಿನ ಸೈಟು ಬಲಕ್ಕೆ ಸರಿದಿತ್ತು. ವಾಹನದಿಂದ ಇಳಿಸುವಾಗ ರೈಫಲ್ ಕೆಳಗೆ ಬಿದ್ದಿದ್ದನ್ನು ಯಾರೂ ಹೇಳಿರಲಿಲ್ಲ. ಆಯ್ಕೆಯ ದಿನ ಅದನ್ನು ಹಿಡಿದ ಉಳಿದವರೆಲ್ಲ ಹೊಸಬರು. ಅವರ ಗುಂಡುಗಳು ಎಲ್ಲೆಂದರಲ್ಲಿ ಬಿದ್ದಿದ್ದರಿಂದ ಸೈಟಿನ ದೋಷ ಆ ಗೊಂದಲದಲ್ಲಿ ಮುಚ್ಚಿಹೋಗಿತ್ತು. ಅದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದು ಪಳಗಿದ ಕೈಯ ಆ ಹುಡುಗನ ಕಾಗದವೊಂದೇ. ಹಳೆಯ ಕಟ್ಟಿನಿಂದ ಅದನ್ನು ಹುಡುಕಿ ತೆಗೆದಾಗ, ತಾವು ಬರೆದ ಸೊನ್ನೆಯ ಪಕ್ಕದಲ್ಲೇ ಸಾಕ್ಷಿ ಕಣ್ಣಿಗೆ ರಾಚುವಂತಿತ್ತು. ಅಷ್ಟರಲ್ಲಿ ತಂಡ ಹೊರಟುಹೋಗಿತ್ತು. ಆ ಹುಡುಗನಿಗೆ ಮತ್ತೊಂದು ವರ್ಷವಿರಲಿಲ್ಲ.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದನ್ನು ಅವರು ಬಾಲ್ಯದಿಂದಲೂ ಕೇಳಿದ್ದರು. ಎಚ್ಚರ ತಪ್ಪಿದ ಮನಸ್ಸು, ವಚನ, ಕಾಯಗಳಿಂದ ಆಗುವ ಪೀಡೆಯೇ ಹಿಂಸೆ. ಹುಲ್ಲಿನಲ್ಲಿ ಹಕ್ಕಿಯಿದೆಯೇ ಎಂದು ನೋಡಲು ದರೆಯವರೆಗೆ ನಡೆದವರು, ಕೈಯಲ್ಲಿದ್ದ ಕಾಗದವನ್ನು ಅರೆಕ್ಷಣ ನೋಡುವ ಎಚ್ಚರವನ್ನು ತೋರಲಿಲ್ಲ. ಗುಂಡಿನಿಂದ ಯಾರಿಗೂ ನೋವಾಗಲಿಲ್ಲ. ಗಾದೆಯ ಮಾತೊಂದರಿಂದ ಆಯಿತು.

ಆ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಅವರು ಬಂಧುಗಳ ಮನೆಗೆ ಹೋಗುವ ಮೊದಲು ಹುಡುಗನ ಮನೆಯನ್ನು ಹುಡುಕಿಕೊಂಡು ಹೋದರು. ಅವನು ಜೈನನಲ್ಲ, ಆ ದಿನದ ಅರ್ಥ ಅವನಿಗೆ ತಿಳಿದಿರಲಿಲ್ಲ. ಕಾಗದವನ್ನು ಮುಂದಿಟ್ಟು, “ನಿನ್ನ ಕೈ ಸರಿಯಾಗಿಯೇ ಇತ್ತಪ್ಪ. ನೋಡದೆ ಹೋದವನು ನಾನು. ಕ್ಷಮಿಸು” ಎಂದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ತಂಡದ್ದು ಹೋಗಲಿ ಸರ್. ಅಷ್ಟು ಜನರ ಎದುರು ನಗಾಡಿಸಿದಿರಿ, ಅದು ಬೇಜಾರಾಯಿತು” ಎಂದ. ಮುಂದಿನ ಪೆರೇಡಿನ ದಿನ ಎಲ್ಲ ಕೆಡೆಟ್ಟುಗಳ ಎದುರಿನಲ್ಲಿ ಅವರು ತಮ್ಮ ತಪ್ಪನ್ನು ಹೇಳಿಕೊಂಡರು. ನೋವು ಕೊಟ್ಟ ಸ್ಥಳದಲ್ಲಿಯೇ ಕ್ಷಮೆ ಕೇಳದಿದ್ದರೆ ಅದು ಅರ್ಧ ಕ್ಷಮೆಯೆಂದು ಅವರಿಗೆ ತೋರಿತು.

ಹಲವು ವರ್ಷಗಳ ನಂತರ, 2008ರ ಬೀಜಿಂಗ್ ಒಲಿಂಪಿಕ್ಸ್‌ನ ವೃತ್ತಾಂತವನ್ನು ಓದುವಾಗ ಅವರಿಗೆ ಆ ಹುಡುಗ ನೆನಪಾದ. 10 ಮೀಟರ್ ಏರ್ ರೈಫಲ್ ಅಂತಿಮ ಸುತ್ತಿಗೆ ಮುನ್ನ ಅಭಿನವ್ ಬಿಂದ್ರಾ ಪರೀಕ್ಷೆಗಾಗಿ ಹಾರಿಸಿದ ಗುಂಡು ನಡುವಿನಿಂದ ಬಹುದೂರ ಬಿದ್ದಿತ್ತು. ಅವರು ತಮ್ಮ ಕೈಯನ್ನು ಶಂಕಿಸಲಿಲ್ಲ. ಸೈಟು ಕದಲಿದೆಯೆಂದು ಅರಿತು ತಿದ್ದಿಕೊಂಡರು. ಕೊನೆಯ ಗುಂಡಿಗೆ 10.8 ಅಂಕ ಗಳಿಸಿ, ಒಟ್ಟು 700.5 ಅಂಕಗಳೊಡನೆ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಚಿನ್ನವನ್ನು ತಂದರು. ದೀರ್ಘ ಸಾಧನೆಯಿಂದ ತನ್ನನ್ನು ತಾನು ಬಲ್ಲವನಿಗೆ ಮಾತ್ರ ಆ ಧೈರ್ಯ ಸಾಧ್ಯ. ಹುಡುಗನಿಗೂ ತನ್ನ ಕೈಯ ಪರಿಚಯವಿತ್ತು. ಸೈಟನ್ನು ತಿದ್ದುವ ಅಧಿಕಾರವಿರಲಿಲ್ಲ. ಅಧಿಕಾರವಿದ್ದವರು ಕಿವಿಗೊಡಲಿಲ್ಲ.

ಆ ಘಟನೆಯ ನಂತರ ಅವರು ಉತ್ತರಪತ್ರಿಕೆಗಳನ್ನು ತಿದ್ದುವ ರೀತಿಯೂ ಬದಲಾಯಿತು. ಒಬ್ಬ ವಿದ್ಯಾರ್ಥಿಯ ತಪ್ಪುಗಳು ಚೆದುರಿವೆಯೇ, ಎಲ್ಲ ಲೆಕ್ಕಗಳಲ್ಲೂ ಒಂದೇ ತಪ್ಪು ಮರುಕಳಿಸಿದೆಯೇ ಎಂದು ಮೊದಲು ನೋಡುತ್ತಿದ್ದರು. ಚೆದುರಿದ್ದರೆ ಅವನಿಗೆ ಅಭ್ಯಾಸ ಬೇಕು. ಒಂದೇ ತಪ್ಪಾದರೆ, ಯಾರೋ ಅವನಿಗೆ ತಪ್ಪಾಗಿ ಹೇಳಿಕೊಟ್ಟಿದ್ದಾರೆ. ಹಾಗೆ ಹೇಳಿಕೊಟ್ಟವರು ತಾವೇ ಎಂಬುದು ಒಂದೆರಡು ಸಲ ಅವರಿಗೆ ತಿಳಿದುಬಂದದ್ದೂ ಉಂಟು.