ರಜೆ ಎಂಟು ಗಂಟೆಯಿಂದ

ಬೆಳಗ್ಗೆ 7.20. ನಿನ್ನೆ ರಾತ್ರಿ ಎಂಟಕ್ಕೆ ಹತ್ತಿದ ನೈಟ್ ಡ್ಯೂಟಿ ಮುಗಿಯಲು ಇನ್ನು ನಲವತ್ತು ನಿಮಿಷ. ನೇತ್ರಾವತಿಗೆ ಹೆಚ್ಚು ದೂರವಿಲ್ಲದ ಈ ಸರ್ಕಾರಿ ಆಸ್ಪತ್ರೆಯ ಹೆಸರು ಬೇಡ. ಮೇ ತಿಂಗಳ ಸೆಖೆ ಎಲ್ಲ ಹೆರಿಗೆ ವಾರ್ಡಿನಲ್ಲೂ ಒಂದೇ. ಫಿನಾಯಿಲ್ ವಾಸನೆ ಮೂಗಿಗೆ ಅಂಟಿದೆ. ಬಾತ ಪಾದಕ್ಕೆ ಚಪ್ಪಲಿಯ ಪಟ್ಟಿ ಕಚ್ಚುತ್ತಿದೆ. ನಿಮ್ಮ ಜೇಬಿನಲ್ಲಿ ಮಡಿಸಿಟ್ಟ ರಜೆ ಅರ್ಜಿಯ ಪ್ರತಿ, ಅದರ ಮೇಲೆ ಸಹಿ.

ಎಂಟಕ್ಕೆ ಹ್ಯಾಂಡ್‌ಓವರ್ ಕೊಟ್ಟರೆ ಸಿದ್ಧಕಟ್ಟೆ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿಯಬಹುದು. ತಾಯಿಮನೆಯಲ್ಲಿ ಇವತ್ತು ದೈವದ ನೇಮ. ಸಂಜೆ ದೈವದ ಒಡವೆಗಳ ಭಂಡಾರ ಇಳಿಯುವ ಮೊದಲು ನೀವು ಅಲ್ಲಿರಬೇಕು. ಕಳೆದ ವರ್ಷ ಇರಲಿಲ್ಲ, ಅದರ ಹಿಂದಿನ ವರ್ಷವೂ ಇರಲಿಲ್ಲ.

ಈ ತಿಂಗಳಲ್ಲಿ ಸಹಿ ಬಿದ್ದದ್ದೇ ದೊಡ್ಡದು. ತುಳು ತಿಂಗಳು ಬೇಶದ 10ರ ಪತ್ತನಾಜೆಯೊಳಗೆ ಎಲ್ಲ ಮುಗಿಯಬೇಕಲ್ಲ, ನೇಮ, ಬ್ರಹ್ಮಕಲಶ, ಯಕ್ಷಗಾನ ಮೇಳದ ಕೊನೆಯ ಆಟ. ಬಂಟ್ವಾಳದವರು, ಬೆಳ್ತಂಗಡಿಯವರು, ಮೂಡುಬಿದಿರೆಯವರು ಎಲ್ಲರಿಗೂ ರಜೆ ಬೇಕಾಗುವುದು ಆ ಕೆಲವೇ ದಿನಗಳಲ್ಲಿ. ಪತ್ತನಾಜೆ ಕಳೆದರೆ ಮಳೆ, ಮಳೆಯ ಹಿಂದೆಯೇ ಡೆಂಗಿ, ಇಲಿಜ್ವರ. ಆಗ ರಜೆ ಕೇಳಲು ಬಾಯಿಯೇ ಬರುವುದಿಲ್ಲ.

ಖಾತೆಯಲ್ಲೇನೂ ಬರವಿಲ್ಲ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಗಳಿಕೆ ರಜೆ (ಇಎಲ್) ತಾನಾಗಿ ಜಮೆಯಾಗುತ್ತದೆ, 300ರವರೆಗೆ ಕೂಡಿಡಬಹುದು. ಆದರೆ ರಜೆ ಹಕ್ಕಲ್ಲ, ಸೇವೆಯ ಅಗತ್ಯ ಬಿದ್ದರೆ ಮಂಜೂರಾದದ್ದನ್ನೂ ರದ್ದು ಮಾಡಬಹುದು ಎನ್ನುವುದೂ ಸೇವಾ ನಿಯಮವೇ. 2020ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ಬಂಟ್ವಾಳದವರು. ಆ ಬೇಸಿಗೆಯನ್ನು ನೆನೆದರೆ ಈ ನಿಯಮದ ತೂಕ ಗೊತ್ತಾಗುತ್ತದೆ. ಎಲ್ಲೂ ಬರೆದಿಡದ ನಿಯಮ ಇನ್ನೊಂದುಂಟು, ನನಗೆ ಕಂಡಂತೆ ಅದೇ ಹೆಚ್ಚು ಗಟ್ಟಿ: ರಜೆ ಬೇಕಾದವಳು ತನ್ನ ಬದಲಿಯನ್ನು ತಾನೇ ಹುಡುಕಬೇಕು. ನೀವು ಬೆಳ್ತಂಗಡಿ ಕಡೆಯ ಸಿಸ್ಟರನ್ನು ಒಪ್ಪಿಸಿದ್ದೀರಿ. ಕ್ರಿಸ್ಮಸ್ ರಾತ್ರಿ ಅವರ ನೈಟ್ ನಿಮ್ಮದು. ಈ ಲೆಕ್ಕ ಕುದುರಿದ ಮೇಲೆಯೇ ಸಹಿ ಬಿದ್ದದ್ದು.

7.38. "ಸಿಸ್ಟರ್, ಒಮ್ಮೆ ಬನ್ನಿ!"

ಮೂರನೇ ಹಾಸಿಗೆ. ಒಂದು ಗಂಟೆಯ ಹಿಂದೆ ಹೆತ್ತವಳು. ಹೊದಿಕೆ ಸರಿಸುತ್ತೀರಿ. ಪ್ಯಾಡ್ ತೊಯ್ದಿದೆ, ಬೆಡ್‌ಶೀಟ್ ತೊಯ್ದಿದೆ, ರೆಕ್ಸಿನ್ ಮೇಲೆ ಬಿಸಿ ರಕ್ತ ಹರಿಯುತ್ತಿದೆ. ನಿಮ್ಮ ಕೈ ನೇರ ಹೊಟ್ಟೆಗೆ ಹೋಗುತ್ತದೆ. ತೆಂಗಿನಕಾಯಿಯಷ್ಟು ಗಟ್ಟಿಯಿರಬೇಕಾದ ಗರ್ಭಕೋಶ ಮೆತ್ತಗಿದೆ. ಉಜ್ಜುತ್ತೀರಿ. ಅಂಗೈ ಒತ್ತಿ ಉಜ್ಜುತ್ತೀರಿ. "ಡಾಕ್ಟರನ್ನು ಕರಿ, ಓಡು!" ಆಯಾ ಓಡುತ್ತಾಳೆ. ಇರುವುದು ಎರಡು ಕೈ. ಹೊಟ್ಟೆ ಬಿಟ್ಟರೆ ರಕ್ತ, ಬಿಡದಿದ್ದರೆ ಸೂಜಿ ಹಾಕುವವರಿಲ್ಲ. ಅವಳ ಅತ್ತೆಯ ಕೈ ಎಳೆದು ಹೊಟ್ಟೆಯ ಮೇಲಿಡುತ್ತೀರಿ: "ಹೀಗೆ ಒತ್ತಿ ಅಮ್ಮ, ನಿಲ್ಲಿಸ್ಬೇಡಿ." ದಪ್ಪ ಕ್ಯಾನುಲಾ. ಇನ್ನೊಂದು ಕೈಗೂ. ಡ್ರಿಪ್. ಆಕ್ಸಿಟೋಸಿನ್. ನಾಡಿ ಓಡುತ್ತಿದೆ. ತುಟಿ ಬಿಳಿಚಿದೆ. "ಚಳಿ ಆಗ್ತದೆ ಸಿಸ್ಟರ್," ಎನ್ನುತ್ತಾಳೆ. ಈ ಸೆಖೆಯಲ್ಲಿ ಆ ಮಾತಿನ ಅರ್ಥ ನಿಮಗೆ ಗೊತ್ತು.

8.05. ರಕ್ತ ಕಡಿಮೆಯಾಗಿದೆ, ನಿಂತಿಲ್ಲ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗೆ ಕಳಿಸೋಣ ಎನ್ನುತ್ತಾರೆ ಡಾಕ್ಟರು. 108 ಅಂಗಳಕ್ಕೆ ಬಂದಿದೆ. ಜೊತೆಗೊಬ್ಬ ಸಿಸ್ಟರ್ ಬೇಕು. ಇನ್‌ಚಾರ್ಜ್ ಸಿಸ್ಟರ್ ಬಂದಿದ್ದಾರೆ, ಆದರೆ ಅವರು ವಾರ್ಡ್ ಬಿಡುವ ಹಾಗಿಲ್ಲ. ನಿಮ್ಮ ಬದಲಿಯ ಫೋನ್ ಬರುತ್ತದೆ: "ಮಡಂತ್ಯಾರಿನಲ್ಲಿ ಬ್ಲಾಕ್ ಉಂಟು ಮಾರಾಯ್ತಿ, ಬಸ್ಸು ಅಲ್ಲಾಡುದಿಲ್ಲ." ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಆಗಲೇ ಇಎಲ್ ಎಂದು ಬಿದ್ದಿದೆ. ನೀವು ಹೋಗಿ ಎಂದು ಯಾರೂ ಹೇಳುವುದಿಲ್ಲ. ಇನ್‌ಚಾರ್ಜ್ ನಿಮ್ಮ ಮುಖ ನೋಡುತ್ತಾರೆ, ಗಡಿಯಾರ ನೋಡುತ್ತಾರೆ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಇದಕ್ಕೆ ಎಂತ ಮಾಡುವುದು? ಗ್ಲೌಸ್ ಬದಲಿಸಿ ಆಂಬ್ಯುಲೆನ್ಸ್ ಹತ್ತುತ್ತೀರಿ.

ಬಿ.ಸಿ.ರೋಡ್ ದಾಟುತ್ತದೆ. ಸೈರನ್ ಹಲ್ಲಿನೊಳಗೆ ಕೊರೆಯುತ್ತದೆ, ಪ್ರತಿ ಹೊಂಡಕ್ಕೂ ಮೊಣಕಾಲು ಸ್ಟ್ರೆಚರಿನ ಕಬ್ಬಿಣಕ್ಕೆ ಬಡಿಯುತ್ತದೆ. ಕೈ ಹೊಟ್ಟೆಯಿಂದ ತೆಗೆಯುವುದಿಲ್ಲ. ಫರಂಗಿಪೇಟೆ ಕಳೆಯುವಾಗ ಬೆರಳಡಿ ಗರ್ಭಕೋಶ ಬಿಗಿಯಾಗುತ್ತದೆ. ಮೆತ್ತಗಾಗುತ್ತದೆ. ಮತ್ತೆ ಬಿಗಿಯಾಗುತ್ತದೆ, ಈ ಸಲ ಹಾಗೆಯೇ ನಿಲ್ಲುತ್ತದೆ. ನಿಮ್ಮ ಕಂಕುಳಿನವರೆಗೆ ನೋವು ಏರಿದ್ದು ಆಗ ತಿಳಿಯುತ್ತದೆ.

ಲೇಡಿಗೋಷನ್‌ನಲ್ಲಿ ಒಪ್ಪಿಸಿ, ಕೈ ತೊಳೆದು, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ನಡೆಯುತ್ತೀರಿ. "ಕೈಕಂಬ, ಮೂಡುಬಿದ್ರೆ, ಕಾರ್ಕಳ!" ಎಂದು ಕೂಗುತ್ತಿದ್ದಾರೆ. ಕಿಟಕಿ ಪಕ್ಕ ಕೂತು ಇನ್‌ಚಾರ್ಜ್‌ಗೆ ಫೋನ್ ಮಾಡುತ್ತೀರಿ.

"ಬದಲಿ ಬಂದ್ರು. ನಿಮಗೆ ಇವತ್ತು ಡ್ಯೂಟಿ ಹಾಕ್ಲಾ, ಲೀವ್ ಹಾಕ್ಲಾ?"

ಡ್ಯೂಟಿ ಹಾಕಿದರೆ ಅರ್ಜಿಯ ತಾರೀಕು ಬದಲಾಗಬೇಕು, ಹೊಸ ಸಹಿ ಬೇಕು, ಕ್ರಿಸ್ಮಸ್‌ನ ಲೆಕ್ಕವೂ ತಲೆಕೆಳಗು.

"ಲೀವೇ ಹಾಕಿ ಸಿಸ್ಟರ್," ಎನ್ನುತ್ತೀರಿ. "ನಾಡಿದ್ದು ಬರ್ತೇನೆ."