ರಂಗನತಿಟ್ಟಿಗೆ ಹೊರಡುವ ಮುನ್ನ ಕೆಆರ್‌ಎಸ್ ನೋಡಿ

ಈ ಸಲ ಪ್ಯಾಕೇಜ್ ಟೂರ್ ಬೇಡ, ರಂಗನತಿಟ್ಟಿಗೆ ನಾವೇ ಹೋಗೋಣ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿದೆವು. ಶ್ರೀರಂಗಪಟ್ಟಣದವರೆಗೆ ಬಸ್ಸು, ಅಲ್ಲಿಂದ ಆಟೊ. ದಾರಿ ಸುಲಭ, ದಿನ ಗೊತ್ತು ಮಾಡುವುದೇ ಕಷ್ಟ.

ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ. 124.80 ಅಡಿ ಭರ್ತಿ ಎಂದು ನಾವು ಖುಷಿಯಿಂದ ಸುದ್ದಿ ಕಳಿಸುವ ಹೊತ್ತಿಗೇ ತಗ್ಗಿನ ತಿಟ್ಟುಗಳ ಗೂಡು, ಮರಿಗಳು ಹೊಳೆಪಾಲಾಗುವ ಭಯ. ರೈತರ ಗದ್ದೆಗೂ ಹಕ್ಕಿಯ ಗೂಡಿಗೂ ಕಾವೇರಿ ಒಂದೇ.

ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ ಜಾಗವಿದು. ತಿಟ್ಟಿನ ಮೇಲೆ ಇಳಿಯುವಂತಿಲ್ಲ. ಬಂಡೆ ಮೇಲೆ ಮೊಸಳೆಗಳಿರುತ್ತವೆ, ಮಕ್ಕಳ ಕೈ ದೋಣಿಯೊಳಗೇ ಇರಲಿ.

ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಫೆಬ್ರವರಿಯನ್ನೇ ಆರಿಸಿಕೊಂಡೆವು. ಮಳೆಗಾಲದಲ್ಲಿ ಹೋಗುವವರು ಹಿಂದಿನ ದಿನ ಪೇಪರಿನಲ್ಲಿ ಹೊರಹರಿವು ನೋಡಿ. ದೋಣಿಯ ಗತಿ, ಗೂಡಿನ ಗತಿ ಎರಡೂ ಅದರಲ್ಲೇ ಗೊತ್ತಾಗುತ್ತದೆ.