ಯೆಜ್ಡಿಯ ಎರಡು ಪೈಪು

ಆರ್.ಟಿ. ನಗರದ ಮನೆಯ ಮೆಟ್ಟಿಲ ಕೆಳಗೆ ಅಪ್ಪನ ಯೆಜ್ಡಿ ನಿಂತು ಎರಡು ವರ್ಷವಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಈ ಗಾಡಿ ಅದಕ್ಕೂ ಹಿಂದಿನದು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕೂರಿಸುವವರೆಗೆ ನನಗೆ ಧೈರ್ಯವಿತ್ತು. ಟ್ಯಾಂಕಿನಿಂದ ಬರುವ ಪೆಟ್ರೋಲ್ ಪೈಪು ಬಿರುಕು ಬಿಟ್ಟಿತ್ತು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ಬಾಳಿಕೆ ಬರುವುದಿಲ್ಲ. ಯಶವಂತಪುರದಿಂದ ಹೊಸದು ತಂದೆ. ಎಷ್ಟು ಒತ್ತಿದರೂ ಕೂರಲಿಲ್ಲ.

‘ತುದೀನ ಬಿಸಿನೀರಲ್ಲಿ ಅದ್ದೋ,’ ಅಂದರು ಅಪ್ಪ. ಕೈ ನಡುಕ ಶುರುವಾದ ಮೇಲೆ ಅವರು ಸ್ಪ್ಯಾನರ್ ಮುಟ್ಟಿಲ್ಲ, ಕುರ್ಚಿಯಿಂದಲೇ ಯಜಮಾನಿಕೆ.

ಅದ್ದಿದೆ, ಕೂತಿತು, ಕ್ಲಿಪ್ ಹಾಕಿದೆ. ಕೆಳಗೆ ಜೋತಾಡುತ್ತಿದ್ದ ಸಣ್ಣ ಪೈಪು ಎಲ್ಲಿಗೂ ಸೇರುವಂತೆ ಕಾಣಲಿಲ್ಲ. ಅದರ ಬಾಯಿ ಕಟ್ಟಲು ಹೊರಟೆ.

‘ಅದನ್ನ ಮುಚ್ಚಬೇಡ ಕಣೋ! ಫ್ಲೋಟ್ ಸಿಕ್ಕಿಹಾಕಿಕೊಂಡರೆ ಹೆಚ್ಚಾದ ಪೆಟ್ರೋಲ್ ಅಲ್ಲಿಂದಲೇ ನೆಲಕ್ಕೆ ಹೋಗಬೇಕು. ಇಲ್ಲಾಂದ್ರೆ ಬಿಸಿ ಇಂಜಿನ್ ಮೇಲೆ ಸುರಿಯತ್ತೆ.’

ಬಿಟ್ಟೆ. ಟ್ಯಾಂಕಿನ ಕಾಕ್ ತಿರುಗಿಸಿದೆ. ಅಪ್ಪ ನಿಧಾನವಾಗಿ ಎದ್ದು ಬಂದು, ನಡುಗುವ ಅಂಗೈಯನ್ನು ಹೊಸ ಪೈಪಿನ ಕೆಳಗೆ ಹಿಡಿದರು. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕೈ ಮೂಸಿ ನೋಡಿ, ‘ಹೊಡಿ ಕಿಕ್,’ ಅಂದರು.

ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಬೇಕು. ಏಳನೆಯ ಒದೆತಕ್ಕೆ ಗಾಡಿ ಕೆಮ್ಮಿತು, ನೀಲಿ ಹೊಗೆ ಬಂತು. ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಅಪ್ಪ ಮತ್ತೆ ಬಗ್ಗಿ ಪೈಪಿನ ಕೆಳಗೆ ಕೈ ಹಿಡಿದಿದ್ದರು.